ಉರಿಯೂತಕ್ಕೆ ಗಿಡಮೂಲಿಕೆ: ನಂಬಿಕೆ ಮತ್ತು ಪರೀಕ್ಷೆ

ನಮ್ಮ ಶಾಲೆ ಐವತ್ತು ವಸಂತಗಳನ್ನು ಪೂರೈಸಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗಾಗಿ ವಿಜ್ಞಾನಕ್ಕೆ ಸಂಬಂಧಿಸಿದ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ವಿಷಯವನ್ನು ಅರಸಿ ನಾನು ದೂರ ಹೋಗಬೇಕಾಗಲಿಲ್ಲ. ಈ ಶಾಲೆಯಲ್ಲಿ ಅಕ್ಷರ ಕಲಿತು, ಮುಂದೆ ಔಷಧಶಾಸ್ತ್ರವನ್ನು ಅಭ್ಯಾಸ ಮಾಡಿ, ಅದನ್ನೇ ಪಾಠ ಹೇಳುವ ವೃತ್ತಿಯನ್ನು ಹಿಡಿದವನು ನಾನು. ಗೋವೆಯ ಕನ್ನಡ ಮನೆಗಳಿಗೆ ಹೋದಾಗಲೆಲ್ಲ ಹಿರಿಯರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು: “ಮೊಣಕಾಲು ಬಾತೈತ್ರೀ, ಲಕ್ಕಿ ತಪ್ಪಲ ಕಾಸಿ ಕಟ್ಟಿದ್ರ ನಡೀತೈತೇನು? ಅರಿಷಿಣದ ಹಾಲು ಕುಡಿದ್ರ ಸಂದುನೋವು ಹೋಗತೈತಂತ, ಖರೇ ಏನ್ರಿ?”

ಈ ಪ್ರಶ್ನೆಗಳ ಹಿಂದೆ ದುಡಿಮೆಯ ಬದುಕೊಂದಿದೆ. 1961ರಲ್ಲಿ ಗೋವೆ ವಿಮೋಚನೆಗೊಂಡ ತರುವಾಯ ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಇಲ್ಲಿಗೆ ಬಂದ ನಮ್ಮ ಹಿರಿಯರಲ್ಲಿ ಅನೇಕರು ಬಂದರಿನಲ್ಲಿ ಹೊರೆ ಹೊತ್ತವರು, ಕಟ್ಟಡಗಳಿಗೆ ಕಲ್ಲು ಮಣ್ಣು ಸಾಗಿಸಿದವರು. ಅವರ ಬೆನ್ನು, ಭುಜ, ಮೊಣಕಾಲುಗಳ ನೋವಿನ ಮೇಲೆ ಈ ಊರಿನ ಎಷ್ಟೋ ಗೋಡೆಗಳು ನಿಂತಿವೆ. ಅವರು ಊರಿನಿಂದ ತಂದ ಗಂಟಿನಲ್ಲಿ ರೊಟ್ಟಿಯ ಜೊತೆಗೆ ಮದ್ದಿನ ತಿಳಿವಳಿಕೆಯೂ ಇತ್ತು. ಔಡಲ ಎಲೆಯನ್ನು ಬಿಸಿ ಮಾಡಿ ಕಟ್ಟುವುದು, ಎಕ್ಕದ ಎಲೆಗೆ ಎಣ್ಣೆ ಸವರಿ ಶಾಖ ಕೊಡುವುದು, ಲಕ್ಕಿ ತಪ್ಪಲಿನ ನೀರಿನಲ್ಲಿ ಸ್ನಾನ ಮಾಡಿಸುವುದು ನಮ್ಮಲ್ಲಿ ಅನೇಕರು ಕಣ್ಣಾರೆ ಕಂಡ ಸಂಗತಿಗಳು.

ಈ ತಿಳಿವಳಿಕೆಯನ್ನು ಕುರಿತು ಸಾಮಾನ್ಯವಾಗಿ ಎರಡು ಅಭಿಪ್ರಾಯಗಳು ಕೇಳಿಬರುತ್ತವೆ. ಹಿರಿಯರು ಹೇಳಿದ್ದೆಲ್ಲವೂ ಸತ್ಯ, ಅದಕ್ಕೆ ಪರೀಕ್ಷೆಯ ಅಗತ್ಯವೇ ಇಲ್ಲ ಎಂಬುದು ಒಂದು. ಅದೆಲ್ಲವೂ ಮೂಢನಂಬಿಕೆ ಎಂಬುದು ಇನ್ನೊಂದು. ಎರಡೂ ಸುಲಭವಾದ ದಾರಿಗಳು. ವಿಜ್ಞಾನದ ದಾರಿ ಇವೆರಡಕ್ಕಿಂತ ಕಷ್ಟದ್ದು. ಅದು ಹಿರಿಯರ ಮಾತನ್ನು ಗೌರವದಿಂದ ಕೇಳಿಸಿಕೊಂಡು, ಅದನ್ನು ಒಂದು ಪ್ರಶ್ನೆಯಾಗಿ ಮಾಡಿಕೊಂಡು, ಮೆಟ್ಟಿಲು ಮೆಟ್ಟಿಲಾಗಿ ಉತ್ತರವನ್ನು ಹುಡುಕುತ್ತದೆ. ಆ ಮೆಟ್ಟಿಲುಗಳು ಯಾವುವು, ಅವುಗಳಲ್ಲಿ ನಮ್ಮಂಥ ಸಾಮಾನ್ಯ ಕುಟುಂಬಗಳ ಪಾತ್ರವೇನು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಉರಿಯೂತ ಎಂದರೇನು?

ಮುಳ್ಳು ಚುಚ್ಚಿದ ಬೆರಳನ್ನು ನೆನಪಿಸಿಕೊಳ್ಳಿ. ಸ್ವಲ್ಪ ಹೊತ್ತಿನಲ್ಲಿ ಅದು ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಬಾಯುತ್ತದೆ, ನೋಯುತ್ತದೆ. ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿದ್ದ ರೋಮಿನ ಲೇಖಕ ಸೆಲ್ಸಸ್ ಈ ನಾಲ್ಕನ್ನೇ ಉರಿಯೂತದ ಲಕ್ಷಣಗಳೆಂದು ಬರೆದಿಟ್ಟನು. ಆ ಅಂಗದ ಕೆಲಸ ಕುಂಠಿತವಾಗುವುದನ್ನು ಐದನೆಯ ಲಕ್ಷಣವಾಗಿ ಮುಂದಿನವರು ಸೇರಿಸಿದರು. ನಮ್ಮ ಆಯುರ್ವೇದ ಗ್ರಂಥಗಳು ಊತವನ್ನು ಶೋಥ ಎಂದು ಕರೆದಿವೆ. ಚರಕ ಸಂಹಿತೆಯು ಮೂಲಿಕೆಗಳನ್ನು ಹತ್ತು ಹತ್ತರಂತೆ ಐವತ್ತು ಗುಂಪುಗಳಾಗಿ ವಿಂಗಡಿಸಿದ್ದು, ಅವುಗಳಲ್ಲಿ ಊತವನ್ನು ತಗ್ಗಿಸುವ ಗುಂಪೇ ನಾವು ದಶಮೂಲವೆಂದು ಕರೆಯುವ ಹತ್ತು ಮೂಲಿಕೆಗಳು.

ಉರಿಯೂತ ಮೂಲತಃ ನಮ್ಮ ಶತ್ರುವಲ್ಲ. ಗಾಯವಾದ ಜಾಗಕ್ಕೆ ರಕ್ತವನ್ನೂ ರಕ್ಷಕ ಕಣಗಳನ್ನೂ ಕಳುಹಿಸಿಕೊಡುವ ಶರೀರದ ಏರ್ಪಾಡು ಅದು. ಕೆಲಸ ಮುಗಿದ ಮೇಲೂ ಅದು ಅಡಗದೆ ಉಳಿದಾಗ, ಇಲ್ಲವೆ ಶರೀರದ ಸ್ವಂತ ಕೀಲುಗಳ ಮೇಲೆಯೇ ತಿರುಗಿಬಿದ್ದಾಗ ರೋಗವಾಗುತ್ತದೆ. ಈ ಕ್ರಿಯೆಯನ್ನು ನಡೆಸುವ ರಾಸಾಯನಿಕ ದೂತರು ಹಲವರಿದ್ದಾರೆ. ಹಿಸ್ಟಮೀನ್, ಸೆರೊಟೊನಿನ್, ಬ್ರಾಡಿಕೈನಿನ್, ಪ್ರೋಸ್ಟಗ್ಲಾಂಡಿನ್‌ಗಳು ಅವರಲ್ಲಿ ಮುಖ್ಯರು. 1899ರಲ್ಲಿ ಮಾರುಕಟ್ಟೆಗೆ ಬಂದ ಆಸ್ಪಿರಿನ್ ಮಾತ್ರೆಯು ಹೇಗೆ ಕೆಲಸ ಮಾಡುತ್ತದೆಂಬುದು ಬಹುಕಾಲ ಗುಟ್ಟಾಗಿಯೇ ಉಳಿದಿತ್ತು. ಶರೀರದಲ್ಲಿ ಪ್ರೋಸ್ಟಗ್ಲಾಂಡಿನ್ ತಯಾರಾಗುವುದನ್ನೇ ಅದು ತಡೆಯುತ್ತದೆಂದು ಬ್ರಿಟನ್ನಿನ ಜಾನ್ ವೇನ್ 1971ರಲ್ಲಿ ತೋರಿಸಿಕೊಟ್ಟರು. 1982ರಲ್ಲಿ ಅವರಿಗೆ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳೊಡನೆ ನೊಬೆಲ್ ಪಾರಿತೋಷಕ ದೊರೆಯಿತು.

ಆಸ್ಪಿರಿನ್ನಿನ ಪೂರ್ವಜನೂ ಒಂದು ನಾಟಿ ಮದ್ದೇ ಎಂಬುದನ್ನು ಇಲ್ಲಿ ನೆನೆಯಬೇಕು. ವಿಲೋ ಎಂಬ ಮರದ ತೊಗಟೆ ಜ್ವರವನ್ನು ಇಳಿಸುತ್ತದೆಂದು ಎಡ್ವರ್ಡ್ ಸ್ಟೋನ್ ಎಂಬ ಪಾದ್ರಿ 1763ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ತಿಳಿಸಿದ್ದನು. ಹಳ್ಳಿಯ ತೊಗಟೆಯೊಂದು ಜಗತ್ತಿನ ಮಾತ್ರೆಯಾಗಲು ನೂರಮೂವತ್ತಕ್ಕೂ ಹೆಚ್ಚು ವರ್ಷಗಳು ಬೇಕಾದವು.

ಗೋವೆಯ ನೆಲದಲ್ಲಿ

ಗಿಡಮೂಲಿಕೆಗಳನ್ನು ಕುರಿತ ಆಧುನಿಕ ಅಧ್ಯಯನದ ಇತಿಹಾಸದಲ್ಲಿ ನಾವು ನೆಲೆನಿಂತ ಈ ಗೋವೆಗೆ ದೊಡ್ಡ ಸ್ಥಾನವಿದೆ. 1534ರಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ಟಾ, ಭಾರತದ ಮೂಲಿಕೆಗಳನ್ನೂ ಔಷಧ ದ್ರವ್ಯಗಳನ್ನೂ ಕುರಿತ ತನ್ನ ಸಂವಾದ ಗ್ರಂಥವನ್ನು 1563ರಲ್ಲಿ ಗೋವೆಯಲ್ಲಿಯೇ ಅಚ್ಚು ಹಾಕಿಸಿದನು. ಗ್ರಂಥವು ಇಬ್ಬರು ವೈದ್ಯರ ಮಾತುಕತೆಯ ರೂಪದಲ್ಲಿದೆ. ಅವರಲ್ಲಿ ಒಬ್ಬನು ಯುರೋಪಿನಿಂದ ಹೊಸದಾಗಿ ಬಂದವನು, ಗ್ರೀಕರ ಹಳೆಯ ಗ್ರಂಥಗಳನ್ನು ಪ್ರಮಾಣವೆಂದು ನಂಬಿದವನು. ಇನ್ನೊಬ್ಬನು ಓರ್ಟಾನೇ, ಗಿಡವನ್ನು ಕಣ್ಣಾರೆ ಕಂಡು, ಇಲ್ಲಿನ ಹಿಂದೂ ವೈದ್ಯರನ್ನೂ ಹಕೀಮರನ್ನೂ ವಿಚಾರಿಸಿ ತಿಳಿದದ್ದೇ ಅವನಿಗೆ ಪ್ರಮಾಣ. ಕೇವಲ ನಾಲ್ಕು ವರ್ಷಗಳಲ್ಲಿ, 1567ರಲ್ಲಿ, ಕ್ಲೂಸಿಯಸ್ ಎಂಬ ವಿದ್ವಾಂಸನು ಅದನ್ನು ಲ್ಯಾಟಿನ್ನಿಗೆ ಸಂಗ್ರಹಿಸಿದ್ದರಿಂದ ಯುರೋಪೆಲ್ಲ ಅದನ್ನು ಓದುವಂತಾಯಿತು. ಪಣಜಿಯ ಹಳೆಯ ಪುರಸಭಾ ಉದ್ಯಾನಕ್ಕೆ ಇಂದಿಗೂ ಅವನದೇ ಹೆಸರು.

ನೂರು ವರ್ಷಗಳ ತರುವಾಯ ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ‘ಹಾರ್ಟಸ್ ಮಲಬಾರಿಕಸ್’ ಎಂಬ ಮಹಾಗ್ರಂಥವನ್ನು ಸಿದ್ಧಪಡಿಸಿದನು. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಅದು ಪ್ರಕಟವಾಯಿತು. ಕೇರಳದ ಇಟ್ಟಿ ಅಚ್ಯುತನ್ ವೈದ್ಯರೊಡನೆ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರು ಅದಕ್ಕೆ ನೆರವಾದರು. ಅವರು ಬರೆದುಕೊಟ್ಟ ಪ್ರಮಾಣಪತ್ರವು ನಾಗರಿ ಲಿಪಿಯಲ್ಲಿಯೇ ಗ್ರಂಥದ ಮೊದಲ ಸಂಪುಟದಲ್ಲಿ ಅಚ್ಚಾಗಿದೆ. ಚಿತ್ರಗಳ ಮೇಲೆ ಗಿಡದ ಹೆಸರನ್ನು ರೋಮನ್, ಮಲಯಾಳಂ, ಅರಬ್ಬಿ ಮತ್ತು ನಾಗರಿ ಲಿಪಿಗಳಲ್ಲಿ ಕೊಡಲಾಗಿದೆ. ಊರಿನವರು ಕರೆಯುವ ಹೆಸರನ್ನು ಅಷ್ಟು ಶ್ರದ್ಧೆಯಿಂದ ದಾಖಲಿಸಿದ್ದರಿಂದಲೇ ಮೂರು ಶತಮಾನಗಳ ಬಳಿಕವೂ ಯಾವ ಚಿತ್ರ ಯಾವ ಗಿಡದ್ದೆಂದು ಗುರುತಿಸಲು ನಮ್ಮ ಕಾಲದ ವಿಜ್ಞಾನಿಗಳಿಗೆ ಸಹಾಯವಾಯಿತು.

ಮೊದಲ ಮೆಟ್ಟಿಲು: ಹೆಸರು

ಗಿಡವೊಂದನ್ನು ಪರೀಕ್ಷಿಸಲು ಹೊರಟವನು ಮೊದಲು ಉತ್ತರಿಸಬೇಕಾದ ಪ್ರಶ್ನೆ, “ಇದು ಯಾವ ಗಿಡ?” ಎಂಬುದು. ಕೇಳಲು ಸರಳ, ಉತ್ತರಿಸಲು ಕಠಿಣ. ಸಂಧಿವಾತದ ಕಷಾಯಗಳಲ್ಲಿ ಪ್ರಸಿದ್ಧವಾದ ರಾಸ್ನೆಯನ್ನೇ ತೆಗೆದುಕೊಳ್ಳಿ. ಉತ್ತರ ಭಾರತದಲ್ಲಿ ರಾಸ್ನೆ ಎಂದರೆ ಪ್ಲೂಚಿಯಾ ಎಂಬ ಪೊದೆ. ದಕ್ಷಿಣದಲ್ಲಿ ಶುಂಠಿಯ ಕುಟುಂಬಕ್ಕೆ ಸೇರಿದ, ನಾವು ದುಂಪರಾಸ್ಮಿ ಎನ್ನುವ ಗಡ್ಡೆ. ಬಂಗಾಳದಲ್ಲಿ ಮರದ ಮೇಲೆ ಬೆಳೆಯುವ ಒಂದು ಸೀತಾಳೆ ಗಿಡ. ಒಂದು ಹೆಸರು, ಮೂರು ಗಿಡ, ಮೂರು ಬೇರೆ ಬೇರೆ ರಸಾಯನಗಳು. ಗೋವೆಯಲ್ಲಿ ಜ್ವರಕ್ಕೆ ಕುಡಿಯುವ ಕಿರಾಯ್ತೆಂ ಎಂಬುದು ನಮ್ಮ ನೆಲಬೇವು. ಆದರೆ ಗ್ರಂಥಗಳಲ್ಲಿ ಬರುವ ಕಿರಾತತಿಕ್ತವು ಹಿಮಾಲಯದಲ್ಲಿ ಬೆಳೆಯುವ ಬೇರೆಯದೇ ಗಿಡ. ಎರಡೂ ಕಹಿ ಎಂಬುದನ್ನು ಬಿಟ್ಟರೆ ಇವುಗಳಿಗೆ ನಂಟಿಲ್ಲ.

ಹೆಸರಿನ ಗೊಂದಲ ಪ್ರಾಣಕ್ಕೇ ಎರವಾದ ದೃಷ್ಟಾಂತವನ್ನು 1990ರ ದಶಕದ ಆರಂಭದಲ್ಲಿ ಬೆಲ್ಜಿಯಂ ದೇಶ ಕಂಡಿತು. ಅಲ್ಲಿ ಮೈ ಇಳಿಸಲು ಕೊಡುತ್ತಿದ್ದ ಚೀನೀ ಮೂಲಿಕೆಯ ಮಾತ್ರೆಗಳಲ್ಲಿ ಸ್ಟೆಫಾನಿಯಾ ಎಂಬ ಬಳ್ಳಿಯ ಬದಲಿಗೆ, ಚೀನೀ ಭಾಷೆಯಲ್ಲಿ ಅದಕ್ಕೆ ಹತ್ತಿರದ ಹೆಸರಿದ್ದ ಅರಿಸ್ಟೊಲೋಕಿಯಾ ಜಾತಿಯ ಬಳ್ಳಿ ಸೇರಿಹೋಯಿತು. ನೂರಕ್ಕೂ ಹೆಚ್ಚು ಮಹಿಳೆಯರ ಮೂತ್ರಪಿಂಡಗಳು ಹಾಳಾದವು. ಕೆಲವರಿಗೆ ಮುಂದೆ ಮೂತ್ರನಾಳದ ಕ್ಯಾನ್ಸರ್ ಕೂಡ ಕಾಣಿಸಿಕೊಂಡಿತು. ಇದೇ ಜಾತಿಗೆ ಸೇರಿದ ಬಳ್ಳಿಯೊಂದು ನಮ್ಮಲ್ಲಿಯೂ ಇದೆ. ಹಾವಿನ ವಿಷಕ್ಕೆ ಮದ್ದೆಂದು ನಮ್ಮ ಹಳ್ಳಿಗಳಲ್ಲಿ ನಂಬಿಕೊಂಡು ಬಂದಿರುವ ಈಶ್ವರಿ ಬಳ್ಳಿಯೇ ಅದು. ಅದರ ಬೇರನ್ನು ತೇಯ್ದು ಕುಡಿಯುವ ಪದ್ಧತಿ ಯಾರ ಮನೆಯಲ್ಲಾದರೂ ಉಳಿದಿದ್ದರೆ ದಯವಿಟ್ಟು ಅದನ್ನು ಕೈಬಿಡಬೇಕೆಂದು ಈ ಸಂದರ್ಭದಲ್ಲಿ ವಿನಂತಿಸುತ್ತೇನೆ. ಹಾವು ಕಚ್ಚಿದವರನ್ನು ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು.

ಆದ್ದರಿಂದ ಪರೀಕ್ಷಕನು ಹೂವು ಕಾಯಿಗಳಿರುವ ಟೊಂಗೆಯೊಂದನ್ನು ಒತ್ತಿ ಒಣಗಿಸಿ, ಸಸ್ಯಶಾಸ್ತ್ರಜ್ಞರಿಂದ ಗುರುತಿಸಿ, ಸಂಖ್ಯೆ ಹಾಕಿಸಿ ಸಸ್ಯಸಂಗ್ರಹಾಲಯದಲ್ಲಿ ಇಡಿಸುತ್ತಾನೆ. ನಾಳೆ ಯಾರಿಗಾದರೂ ಸಂಶಯ ಬಂದರೆ ಆ ಟೊಂಗೆಯೇ ಸಾಕ್ಷಿ ನುಡಿಯುತ್ತದೆ.

ಎರಡನೆಯ ಮೆಟ್ಟಿಲು: ಸಾರ

ಅನಂತರ ಎಲೆಯನ್ನು ನೆರಳಿನಲ್ಲಿ ಒಣಗಿಸಿ, ಪುಡಿ ಮಾಡಿ, ನೀರು ಅಥವಾ ಮದ್ಯಸಾರದಲ್ಲಿ ಅದರ ಸಾರವನ್ನು ತೆಗೆಯುತ್ತಾರೆ. ನೀರಿನಲ್ಲಿ ಕರಗುವ ವಸ್ತುಗಳು ಬೇರೆ, ಮದ್ಯಸಾರದಲ್ಲಿ ಕರಗುವ ವಸ್ತುಗಳು ಬೇರೆ. ಅಜ್ಜಿ ಹಸಿ ಎಲೆಯನ್ನು ನೀರಿನಲ್ಲಿ ಕುದಿಸುತ್ತಿದ್ದಳು ಎಂದಾದರೆ, ಒಣಗಿದ ಎಲೆಯ ಮದ್ಯಸಾರದ ಸಾರವನ್ನು ಪರೀಕ್ಷಿಸಿದವನು ಅಜ್ಜಿಯ ಮದ್ದನ್ನು ಪರೀಕ್ಷಿಸಿದಂತಾಗಲಿಲ್ಲ. ಎಲೆ ಎಳೆಯದೋ ಬಲಿತದ್ದೋ, ಮಳೆಗಾಲದಲ್ಲಿ ಕೊಯ್ದದ್ದೋ ಬೇಸಿಗೆಯಲ್ಲಿ ಕೊಯ್ದದ್ದೋ ಎಂಬುದರಿಂದಲೂ ಅದರ ಗುಣ ಬದಲಾಗುತ್ತದೆ. ಮನೆಯ ಹಿರಿಯರು ಹೇಳುವ ಇಂಥ ಸಣ್ಣ ಸಣ್ಣ ವಿವರಗಳು ಪ್ರಯೋಗಾಲಯಕ್ಕೆ ಬಹಳ ಬೆಲೆಯುಳ್ಳವು.

ಈ ಹಂತದಲ್ಲಿಯೇ ಗಾಜಿನ ನಳಿಕೆಯೊಳಗಿನ ಸರಳ ಪರೀಕ್ಷೆಗಳನ್ನು ವಿದ್ಯಾರ್ಥಿಗಳು ಮಾಡುತ್ತಾರೆ. ಮೊಟ್ಟೆಯ ಬಿಳಿಯ ಭಾಗದಲ್ಲಿರುವ ಪ್ರೋಟೀನು ಕಾಯಿಸಿದಾಗ ಹೆಪ್ಪುಗಟ್ಟುವುದನ್ನು ಸಾರವು ಎಷ್ಟರಮಟ್ಟಿಗೆ ತಡೆಯುತ್ತದೆಂದು ಅಳೆಯುವುದು ಅವುಗಳಲ್ಲಿ ಒಂದು. ಇದು ಅಗ್ಗದ ಪರೀಕ್ಷೆ, ಯಾವ ಪ್ರಾಣಿಗೂ ಹಿಂಸೆಯಿಲ್ಲ. ಆದರೆ ನಳಿಕೆಯಲ್ಲಿ ಗೆದ್ದ ಸಾರಗಳೆಲ್ಲ ಶರೀರದಲ್ಲಿ ಗೆಲ್ಲುವುದಿಲ್ಲ. ಹೊಟ್ಟೆಯ ಆಮ್ಲ, ಕರುಳಿನ ಗೋಡೆ, ಯಕೃತ್ತು ಎಂಬ ಮೂರು ಬಾಗಿಲುಗಳನ್ನು ದಾಟಿ ಅದು ರಕ್ತವನ್ನು ಸೇರಬೇಕು.

ಮೂರನೆಯ ಮೆಟ್ಟಿಲು: ಇಲಿಯ ಪಾದ

ಉರಿಯೂತದ ಪರೀಕ್ಷೆಗಳಲ್ಲಿ ಅತ್ಯಂತ ಪ್ರಸಿದ್ಧವಾದುದನ್ನು 1962ರಲ್ಲಿ ವಿಂಟರ್ ಮತ್ತು ಅವರ ಸಂಗಡಿಗರು ಪ್ರಕಟಿಸಿದರು. ಕೆಂಪು ಕಡಲ ಪಾಚಿಯಿಂದ ತೆಗೆಯುವ ಕ್ಯಾರಗೀನನ್ ಎಂಬ ಲೋಳೆಯಂಥ ವಸ್ತುವನ್ನು ಇಲಿಯ ಹಿಂಗಾಲಿನ ಪಾದಕ್ಕೆ ಚುಚ್ಚಿದರೆ ಕೆಲವು ಗಂಟೆಗಳಲ್ಲಿ ಪಾದ ಬಾಯುತ್ತದೆ. ಪರೀಕ್ಷೆಗೆ ಇಲಿಗಳನ್ನು ಗುಂಪುಗಳಾಗಿ ಮಾಡಿಕೊಳ್ಳುತ್ತಾರೆ. ಸಾಮಾನ್ಯವಾಗಿ ಗುಂಪಿಗೆ ಆರು. ಮೊದಲ ಗುಂಪಿಗೆ ಮದ್ದಿಲ್ಲದ ಬರಿಯ ದ್ರವ. ಎರಡನೆಯ ಗುಂಪಿಗೆ ಇಂಡೊಮೆಥಸಿನ್‌ನಂಥ, ಗುಣ ಈಗಾಗಲೇ ಸಿದ್ಧವಾಗಿರುವ ಔಷಧ. ಉಳಿದ ಗುಂಪುಗಳಿಗೆ ಬೇರೆ ಬೇರೆ ಪ್ರಮಾಣದಲ್ಲಿ ಗಿಡದ ಸಾರ. ಒಂದು ಗಂಟೆಯ ಬಳಿಕ ಎಲ್ಲ ಇಲಿಗಳಿಗೂ ಶೇಕಡಾ 1ರ ಕ್ಯಾರಗೀನನ್ ದ್ರಾವಣವನ್ನು 0.1 ಮಿಲಿಲೀಟರಿನಷ್ಟು ಚುಚ್ಚುತ್ತಾರೆ. ದ್ರವ ತುಂಬಿದ ಅಳತೆಯ ಪಾತ್ರೆಯಲ್ಲಿ ಪಾದವನ್ನು ಮುಳುಗಿಸಿ, ಅದು ಎಷ್ಟು ದ್ರವವನ್ನು ಮೇಲಕ್ಕೆ ತಳ್ಳುತ್ತದೆಂಬುದರಿಂದ ಊತವನ್ನು ಗಂಟೆಗೊಮ್ಮೆ ಅಳೆಯುತ್ತಾರೆ. ನಾವು ಶಾಲೆಯಲ್ಲಿ ಕಲಿತ ಆರ್ಕಿಮಿಡೀಸನ ಸ್ನಾನದ ತೊಟ್ಟಿಯ ಕಥೆಯೇ ಇಲ್ಲಿಯೂ ಕೆಲಸಕ್ಕೆ ಬರುತ್ತದೆ.

ಲೆಕ್ಕ ಸರಳವಾದುದು. ಮದ್ದಿಲ್ಲದ ಗುಂಪಿನ ಪಾದ ಸರಾಸರಿ 0.80 ಮಿಲಿಲೀಟರ್ ಬಾತಿತು, ಸಾರ ಪಡೆದ ಗುಂಪಿನದು 0.52, ಇಂಡೊಮೆಥಸಿನ್ ಪಡೆದ ಗುಂಪಿನದು 0.32 ಎಂದು ಇಟ್ಟುಕೊಳ್ಳೋಣ. ಸಾರವು ಊತವನ್ನು ಶೇಕಡಾ 35ರಷ್ಟು, ಔಷಧವು ಶೇಕಡಾ 60ರಷ್ಟು ತಡೆಯಿತೆಂದಾಯಿತು. ಈ ವ್ಯತ್ಯಾಸ ಆಕಸ್ಮಿಕವಾದುದಲ್ಲವೆಂದು ಸಂಖ್ಯಾಶಾಸ್ತ್ರದಿಂದ ಖಚಿತಪಡಿಸಿಕೊಂಡ ಮೇಲೆಯೇ ಫಲಿತಾಂಶವನ್ನು ಬರೆಯಬೇಕು. ಊತ ಯಾವ ಗಂಟೆಯಲ್ಲಿ ಇಳಿಯಿತು ಎಂಬುದೂ ಮುಖ್ಯ. ಮೊದಲ ಒಂದು ಒಂದೂವರೆ ಗಂಟೆಯ ಊತಕ್ಕೆ ಹಿಸ್ಟಮೀನ್ ಮತ್ತು ಸೆರೊಟೊನಿನ್ ಕಾರಣ. ಮೂರನೆಯ ಗಂಟೆಯ ಹೊತ್ತಿಗೆ ಪ್ರೋಸ್ಟಗ್ಲಾಂಡಿನ್‌ಗಳ ಆಟ ಮೇಲಾಗುತ್ತದೆ. ಸಾರವು ಯಾವ ದೂತನನ್ನು ತಡೆಯುತ್ತಿರಬಹುದೆಂಬ ಸುಳಿವು ಇದರಿಂದ ಸಿಗುತ್ತದೆ.

ಪ್ರಾಣಿಗಳ ನೋವಿನ ಪ್ರಶ್ನೆಯನ್ನು ಮರೆಯುವಂತಿಲ್ಲ. ಪ್ರಾಣಿಗಳ ಬದಲಿಗೆ ಬೇರೆ ವಿಧಾನವನ್ನು ಹುಡುಕುವುದು, ಅವುಗಳ ಸಂಖ್ಯೆಯನ್ನು ತಗ್ಗಿಸುವುದು, ನೋವನ್ನು ಕಡಿಮೆ ಮಾಡುವುದು ಎಂಬ ಮೂರು ಸೂತ್ರಗಳನ್ನು 1959ರಲ್ಲಿ ರಸೆಲ್ ಮತ್ತು ಬರ್ಚ್ ಮಂಡಿಸಿದರು. ನಮ್ಮ ದೇಶದಲ್ಲಿಯೂ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಅಡಿಯಲ್ಲಿ ರಚಿತವಾದ ನಿಯಮಗಳಂತೆ, ನೀತಿ ಸಮಿತಿಯ ಒಪ್ಪಿಗೆಯಿಲ್ಲದೆ ಇಂಥ ಪ್ರಯೋಗ ಮಾಡುವಂತಿಲ್ಲ.

ನಮ್ಮ ಹಿರಿಯರ ಲಕ್ಕಿ ತಪ್ಪಲು ಈ ಮೆಟ್ಟಿಲನ್ನು ಏರಿದೆ. ಸಂಸ್ಕೃತದಲ್ಲಿ ನಿರ್ಗುಂಡಿ, ವಿಜ್ಞಾನಿಗಳ ಭಾಷೆಯಲ್ಲಿ ವೈಟೆಕ್ಸ್ ನೆಗುಂಡೊ ಎನಿಸಿಕೊಂಡ ಈ ಗಿಡದ ಬಲಿತ ಹಸಿ ಎಲೆಗಳ ನೀರಿನ ಸಾರವನ್ನು, ಅಂದರೆ ಹಳ್ಳಿಯವರು ಬಳಸುವ ರೀತಿಗೆ ಹತ್ತಿರವಾದ ರೂಪದಲ್ಲಿಯೇ, ಶ್ರೀಲಂಕೆಯ ವಿಜ್ಞಾನಿಗಳು ಇಲಿಗಳಲ್ಲಿ ಪರೀಕ್ಷಿಸಿದರು. ಅದಕ್ಕೆ ಉರಿಯೂತವನ್ನೂ ನೋವನ್ನೂ ತಗ್ಗಿಸುವ, ಹಿಸ್ಟಮೀನನ್ನು ತಡೆಯುವ ಗುಣಗಳಿವೆಯೆಂದು 2003ರಲ್ಲಿ ವರದಿ ಮಾಡಿದರು. ಹಿರಿಯರ ಅನುಭವಕ್ಕೆ ಇದು ಸಣ್ಣ ಮನ್ನಣೆಯಲ್ಲ. ಆದರೆ ಇದು ಇಲಿಯ ಮಟ್ಟದ ಮಾತು ಎಂಬುದನ್ನೂ ನೆನಪಿನಲ್ಲಿಡಬೇಕು.

ಏಕೆಂದರೆ ಇಲಿಯಿಂದ ಮನುಷ್ಯನಿಗೆ ಬರುವ ದಾರಿಯಲ್ಲಿ ಲೆಕ್ಕವೊಂದಿದೆ. ಇಲಿಗೆ ಕಿಲೋ ತೂಕಕ್ಕೆ 400 ಮಿಲಿಗ್ರಾಂ ಸಾರ ಕೊಟ್ಟಾಗ ಗುಣ ಕಂಡಿತೆನ್ನೋಣ. ಶರೀರದ ಹೊರಮೈಯ ವಿಸ್ತಾರವನ್ನು ಆಧರಿಸಿ ವಿಜ್ಞಾನಿಗಳು ಅದನ್ನು ಸುಮಾರು ಆರರಿಂದ ಭಾಗಿಸುತ್ತಾರೆ. ಮನುಷ್ಯನಿಗೆ ಕಿಲೋಗೆ 65 ಮಿಲಿಗ್ರಾಂ, ಅರವತ್ತು ಕಿಲೋ ತೂಕದವನಿಗೆ ಸುಮಾರು 4 ಗ್ರಾಂ ಸಾರ ಎಂದಾಗುತ್ತದೆ. ನೂರು ಗ್ರಾಂ ಒಣ ಎಲೆಯಿಂದ ಹತ್ತು ಗ್ರಾಂ ಸಾರ ಬರುವುದಾದರೆ ಅದಕ್ಕೆ ದಿನಕ್ಕೆ 40 ಗ್ರಾಂ ಒಣ ಎಲೆ ಬೇಕು. ಎರಡೆಲೆ ಜಗಿದು ಅದೇ ಫಲವನ್ನು ನಿರೀಕ್ಷಿಸುವುದು ಎಷ್ಟು ಸರಿಯೆಂದು ಓದುಗರೇ ಯೋಚಿಸಬಹುದು. ಇದು ಬರಿಯ ಅಂದಾಜಿನ ಲೆಕ್ಕವೇ ಹೊರತು ಸೇವನೆಯ ಸಲಹೆಯಲ್ಲ.

ಕೊನೆಯ ಮೆಟ್ಟಿಲು: ಮನುಷ್ಯ

ಈ ಮೆಟ್ಟಿಲುಗಳನ್ನೆಲ್ಲ ಏರಿಬಂದ ಮೂಲಿಕೆಗಳಲ್ಲಿ ಶಲ್ಲಕಿಯೂ ಒಂದು. ಈ ಮರದ ಅಂಟನ್ನು ಧೂಪಕ್ಕೂ ಸಂಧಿವಾತಕ್ಕೂ ಹಿಂದಿನಿಂದಲೂ ಬಳಸುತ್ತಿದ್ದರು. ಜಮ್ಮುವಿನ ಪ್ರಾದೇಶಿಕ ಸಂಶೋಧನಾಲಯದ ಸಿಂಗ್ ಮತ್ತು ಅಟಲ್ ಅವರು 1986ರಲ್ಲಿ ಅದರ ಉರಿಯೂತ ನಿವಾರಕ ಗುಣವನ್ನು ಪ್ರಾಣಿಗಳಲ್ಲಿ ತೋರಿಸಿಕೊಟ್ಟರು. 2003ರಲ್ಲಿ ನಾಗಪುರದ ವೈದ್ಯರು ಮೊಣಕಾಲಿನ ಸವೆತದಿಂದ ನರಳುತ್ತಿದ್ದ 30 ಮಂದಿಯ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ಅರ್ಧ ಜನರಿಗೆ ಎಂಟು ವಾರ ಶಲ್ಲಕಿಯ ಸಾರ, ಉಳಿದರ್ಧಕ್ಕೆ ನೋಡಲು ಅದರಂತೆಯೇ ಇರುವ ಸುಳ್ಳು ಮದ್ದು. ಆಮೇಲೆ ಅದಲು ಬದಲು. ಯಾರಿಗೆ ಯಾವುದು ಸಿಕ್ಕಿದೆಯೆಂದು ರೋಗಿಗೂ ತಿಳಿಯದು, ವೈದ್ಯನಿಗೂ ತಿಳಿಯದು. ಮದ್ದು ಪಡೆದಾಗ ನೋವು ಊತಗಳು ತಗ್ಗಿದವು, ಮೊಣಕಾಲು ಹೆಚ್ಚು ಮಡಚಲು ಬಂದಿತು. ಎಕ್ಸ್‌ರೇ ಚಿತ್ರದಲ್ಲಿ ಮಾತ್ರ ಯಾವ ಬದಲಾವಣೆಯೂ ಇರಲಿಲ್ಲ. ಅಂದರೆ ನೋವು ತಗ್ಗಿತು, ಸವೆದ ಕೀಲು ಹೊಸದಾಗಲಿಲ್ಲ. ಎರಡನ್ನೂ ಬರೆದಿಟ್ಟ ಆ ವೈದ್ಯರ ಪ್ರಾಮಾಣಿಕತೆಯೇ ವಿಜ್ಞಾನದ ಪ್ರಾಣ.

ಅರಿಶಿನದ ಕಥೆ ಹೀಗೆ ನೇರವಾಗಿ ಮುಗಿಯುವುದಿಲ್ಲ. ಅದರ ಹಳದಿ ಸತ್ವವಾದ ಕರ್ಕ್ಯುಮಿನ್‌ಗೆ ಉರಿಯೂತವನ್ನು ತಗ್ಗಿಸುವ ಶಕ್ತಿಯಿದೆಯೆಂದು ಶ್ರೀಮಲ್ ಮತ್ತು ಧವನ್ ಅವರು 1973ರಲ್ಲಿಯೇ ವರದಿ ಮಾಡಿದ್ದರು. ಆದರೆ ಬಾಯಿಯ ಮೂಲಕ ಸೇವಿಸಿದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಬಹಳ ಅಲ್ಪ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 2 ಗ್ರಾಂ ಕರ್ಕ್ಯುಮಿನ್ ಸೇವಿಸಿದವರ ರಕ್ತದಲ್ಲಿ ಅದು ಕಂಡೂ ಕಾಣದಂತಿತ್ತು. ಕರಿಮೆಣಸಿನ ಸತ್ವವಾದ ಪೈಪರೀನನ್ನು 20 ಮಿಲಿಗ್ರಾಂ ಸೇರಿಸಿ ಕೊಟ್ಟಾಗ ಅದು ಹಲವು ಪಟ್ಟು ಏರಿತು. ಇದನ್ನು ಕೇಳಿದ ಕೂಡಲೇ ಅರಿಶಿನ ಮೆಣಸುಗಳ ಸಾರದ ಮಾತ್ರೆಗಳು ಮಾರುಕಟ್ಟೆಯನ್ನು ತುಂಬಿದವು. 2017ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿಗಳು, ಕರ್ಕ್ಯುಮಿನ್ ಅಸ್ಥಿರವಾದ ವಸ್ತುವಾಗಿದ್ದು ಪ್ರಯೋಗಾಲಯದ ಪರೀಕ್ಷೆಗಳನ್ನೇ ದಾರಿತಪ್ಪಿಸಬಲ್ಲದೆಂದು ಎಚ್ಚರಿಸಿದರು. ಇತ್ತೀಚಿನ ವರ್ಷಗಳಲ್ಲಿ ಇಂಥ ಮಾತ್ರೆಗಳನ್ನು ಸೇವಿಸಿದ ಕೆಲವರ ಯಕೃತ್ತಿಗೆ ಹಾನಿಯಾದ ವರದಿಗಳೂ ಬಂದಿವೆ. ಅಡುಗೆಯ ಅರಿಶಿನ ಬೇರೆ, ಗಟ್ಟಿ ಮಾಡಿದ ಸಾರದ ಮಾತ್ರೆ ಬೇರೆ. ಸಾರಿಗೆ ಹಾಕುವ ಚಿಟಿಕೆಗೆ ಯಾರೂ ಹೆದರಬೇಕಾಗಿಲ್ಲ.

ಎಚ್ಚರದ ಮಾತು

“ಗಿಡದ ಮದ್ದು, ಕೆಡುಕಿಲ್ಲ” ಎಂಬ ಮಾತನ್ನು ನಾವು ಬಿಡಬೇಕು. ಮಳೆಗಾಲದಲ್ಲಿ ಗೋವೆಯ ಬೇಲಿಗಳ ಮೇಲೆ ಬೆಂಕಿಯ ನಾಲಗೆಯಂತೆ ಅರಳುವ ಅಗ್ನಿಶಿಖೆಯನ್ನು ನೋಡಿರುತ್ತೀರಿ. ಗೌರಿ ಹೂವೆಂದೂ ಅದನ್ನು ಕರೆಯುತ್ತಾರೆ. ಅದರ ಗಡ್ಡೆ ಮತ್ತು ಬೀಜಗಳಲ್ಲಿರುವ ಕೋಲ್ಚಿಸಿನ್ ಎಂಬ ವಸ್ತುವನ್ನು ಗೌಟ್ ಎಂಬ ಕೀಲೂತದ ಚಿಕಿತ್ಸೆಯಲ್ಲಿ ವೈದ್ಯರು ಮಿಲಿಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ. ಗಡ್ಡೆಯನ್ನೇ ತಿಂದವರು ಪ್ರಾಣ ಕಳೆದುಕೊಂಡಿದ್ದಾರೆ. ಮದ್ದಿಗೂ ವಿಷಕ್ಕೂ ನಡುವಿನ ಗೆರೆ ಪ್ರಮಾಣ ಒಂದೇ.

ಇನ್ನೊಂದು ಅಪಾಯ ಕಲಬೆರಕೆಯದು. ಸಂತೆಯಲ್ಲಿ ಹೆಸರಿಲ್ಲದ ಪೊಟ್ಟಣಗಳಲ್ಲಿ ಮಾರುವ, ಎರಡೇ ದಿನಗಳಲ್ಲಿ ನೋವನ್ನು ಮಾಯ ಮಾಡುವ ಪುಡಿಗಳಲ್ಲಿ ಸ್ಟೀರಾಯ್ಡ್ ಅಥವಾ ನೋವಿನ ಮಾತ್ರೆಯ ಪುಡಿ ಬೆರೆತಿರುವುದು ಪರೀಕ್ಷೆಗಳಲ್ಲಿ ಎಷ್ಟೋ ಸಲ ಕಂಡುಬಂದಿದೆ. ಅಂಥದನ್ನು ತಿಂಗಳುಗಟ್ಟಲೆ ತಿಂದರೆ ಮೂಳೆ ಟೊಳ್ಳಾಗುತ್ತದೆ, ಸಕ್ಕರೆ ಕಾಯಿಲೆ ಏರುತ್ತದೆ, ಮೂತ್ರಪಿಂಡ ಸೋಲುತ್ತದೆ. ದುಡಿದು ದಣಿದ ಬಡವರೇ ಇದಕ್ಕೆ ಹೆಚ್ಚಾಗಿ ಬಲಿಯಾಗುವರೆಂಬುದು ದುಃಖದ ಸಂಗತಿ. ಬಿಸಿ ಎಲೆಯ ಶಾಖ ಕೊಟ್ಟುಕೊಳ್ಳುವುದರಲ್ಲಿ ಅಷ್ಟು ಅಪಾಯವಿಲ್ಲ. ಗಾಯದ ಮೇಲೆ ಮಾತ್ರ ಕಟ್ಟಬಾರದು, ಎಕ್ಕದ ಹಾಲು ಕಣ್ಣಿಗೆ ತಾಗದಂತೆ ನೋಡಿಕೊಳ್ಳಬೇಕು. ಊತವು ಎರಡು ವಾರದಲ್ಲಿ ಇಳಿಯದಿದ್ದರೆ, ಜ್ವರವೂ ಬಂದರೆ, ಒಂದೇ ಕಾಲು ಇದ್ದಕ್ಕಿದ್ದಂತೆ ಬಾತರೆ ವೈದ್ಯರಲ್ಲಿಗೆ ಹೋಗಬೇಕು. ಮನೆಯ ಮದ್ದು ಮಾಡಿದ್ದರೆ ಅದನ್ನು ಮುಚ್ಚಿಡದೆ ಅವರಿಗೆ ಹೇಳಬೇಕು.

ನಮ್ಮ ಪಾಲಿನ ಕೆಲಸ

ಪ್ರಯೋಗಾಲಯದ ಕೆಲಸ ಎಲ್ಲರಿಂದಲೂ ಆಗುವಂಥದಲ್ಲ. ಆದರೆ ಮೊದಲ ಮೆಟ್ಟಿಲಾದ ಹೆಸರು ಮತ್ತು ಬಳಕೆಯ ದಾಖಲೆ ನಮ್ಮ ಕೈಯಲ್ಲಿದೆ. ದಾಖಲೆಯ ಬೆಲೆಯೇನೆಂಬುದನ್ನು ಗೋವೆಯ ಮಾಶೆಲ್ ಗ್ರಾಮದಲ್ಲಿ ಹುಟ್ಟಿದ ಡಾ. ರಘುನಾಥ ಮಾಶೇಲ್ಕರ್ ಅವರು ದೇಶಕ್ಕೆ ತೋರಿಸಿಕೊಟ್ಟರು. ಗಾಯಕ್ಕೆ ಅರಿಶಿನ ಹಚ್ಚುವುದರ ಮೇಲೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಡಲಾಗಿತ್ತು. ಅವರ ನೇತೃತ್ವದಲ್ಲಿದ್ದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಅದನ್ನು ಪ್ರಶ್ನಿಸಿ, 1997ರಲ್ಲಿ ರದ್ದಾಗುವಂತೆ ಮಾಡಿತು. ನಮ್ಮ ಅಜ್ಜಿಯರಿಗೆಲ್ಲ ಗೊತ್ತಿತ್ತು ಎಂಬ ಬಾಯಿಮಾತಿನಿಂದ ಆ ವ್ಯಾಜ್ಯ ಗೆಲ್ಲುತ್ತಿರಲಿಲ್ಲ. ಹಳೆಯ ಗ್ರಂಥಗಳೂ 1953ರ ವೈದ್ಯಕೀಯ ಪತ್ರಿಕೆಯ ಲೇಖನವೂ, ಅಂದರೆ ಬರೆದಿಟ್ಟ ಮಾತು, ಅದನ್ನು ಗೆದ್ದವು.

ನಮ್ಮ ಮನೆಗಳಲ್ಲಿ ಬರೆದಿಟ್ಟದ್ದು ಏನಿದೆ? ಗೋವೆಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಕೊಂಕಣಿ, ಮರಾಠಿ, ಹಿಂದಿ, ಇಂಗ್ಲಿಷ್ ಬರುತ್ತವೆ; ಇದು ಹೆಮ್ಮೆಯ ವಿಷಯ. ಆದರೆ ಲಕ್ಕಿ, ಔಡಲ, ಉತ್ತರಾಣಿ, ತುಂಬೆ ಎಂಬ ಹೆಸರುಗಳು ಅಜ್ಜಿಯ ಬಾಯಲ್ಲಿ ಮಾತ್ರ ಉಳಿದಿವೆ. ಹೆಸರು ಮರೆತ ದಿನ ಗಿಡವು ಕಣ್ಣೆದುರಿಗಿದ್ದರೂ ಬರಿಯ ಕಳೆಯಾಗಿಬಿಡುತ್ತದೆ. ಕನ್ನಡ ಶಾಲೆಯೊಂದು ಉಳಿಯುವುದೆಂದರೆ ಇಂಥ ನೂರಾರು ಹೆಸರುಗಳೂ ಅವುಗಳ ಹಿಂದಿನ ಅನುಭವವೂ ಉಳಿಯುವುದೆಂದು ನಾನು ತಿಳಿದಿದ್ದೇನೆ.

ಆದ್ದರಿಂದ ಹಳೆಯ ವಿದ್ಯಾರ್ಥಿಗಳಲ್ಲಿಯೂ ಪಾಲಕರಲ್ಲಿಯೂ ಒಂದು ಸೂಚನೆಯನ್ನು ಮುಂದಿಡುತ್ತೇನೆ. ಶಾಲೆಯ ಹಿರಿಯ ತರಗತಿಯ ಮಕ್ಕಳು ತಮ್ಮ ಮನೆಯ ಹಿರಿಯರನ್ನು ಕೇಳಿ ಒಂದೊಂದು ಗಿಡದ ವಿವರವನ್ನು ಬರೆಯಲಿ. ಗಿಡದ ಹೆಸರೇನು, ಆ ಹೆಸರು ಯಾವ ಜಿಲ್ಲೆಯದು, ಯಾವ ಭಾಗವನ್ನು ಯಾವ ಕಾಲದಲ್ಲಿ ಕೀಳುತ್ತಾರೆ, ಹೇಗೆ ತಯಾರಿಸುತ್ತಾರೆ, ಎಷ್ಟು ದಿನ ಬಳಸುತ್ತಾರೆ, ಯಾರಿಗೆ ಕೊಡಬಾರದು ಎಂಬ ಆರು ಪ್ರಶ್ನೆಗಳು ಸಾಕು. ಹೂವಿರುವ ಟೊಂಗೆಯ ಚಿತ್ರ ಜೊತೆಗಿರಲಿ. ಗುರುತು ಹಿಡಿಯಲು ಸಸ್ಯಶಾಸ್ತ್ರದ ಅಧ್ಯಾಪಕರ ನೆರವನ್ನು ಪಡೆಯಬಹುದು. ಹೇಳಿದವರ ಒಪ್ಪಿಗೆಯಿಲ್ಲದೆ ಯಾವುದನ್ನೂ ಹೊರಗೆ ಕೊಡಬಾರದು. 2002ರ ಜೀವವೈವಿಧ್ಯ ಕಾಯಿದೆಯೂ ಜನರ ಪಾರಂಪರಿಕ ತಿಳಿವಳಿಕೆಯಿಂದ ಬಂದ ಲಾಭದಲ್ಲಿ ಅವರಿಗೆ ಪಾಲಿರಬೇಕೆಂದು ಹೇಳುತ್ತದೆ.

ಈ ಮಕ್ಕಳಲ್ಲಿ ಒಬ್ಬರಾದರೂ ಮುಂದೆ ಆ ಪುಸ್ತಕದ ಒಂದು ಪುಟವನ್ನು ಹಿಡಿದು ಪ್ರಯೋಗಾಲಯದ ಮೆಟ್ಟಿಲನ್ನು ಹತ್ತಿದರೆ ನಮ್ಮ ಶಾಲೆಯ ಐವತ್ತು ವರ್ಷಗಳ ಶ್ರಮ ಸಾರ್ಥಕವಾದಂತೆ. ಪರೀಕ್ಷೆಯಲ್ಲಿ ಗಿಡವು ಗೆಲ್ಲಲಿ, ಸೋಲಲಿ, ದೊರೆಯುವ ಉತ್ತರ ನಮ್ಮ ಜನರ ನೋವಿಗೆ ಉಪಯೋಗಕ್ಕೆ ಬರಲಿ.